ಮಾರ್ಕೋಸ್ ಕಾಲದ ‘ಸುವರ್ಣಯುಗ’ವನ್ನು ವಿಡಿಯೊಗಳು ಕಟ್ಟಿದ ಬಗೆ

ಪ್ರಶ್ನೆ: ನಾನು ಕುಂದಾಪುರದವಳು, ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ನಮ್ಮ ವಾರ್ಡಿನಲ್ಲಿರುವ ಫಿಲಿಪ್ಪೀನ್ಸಿನ ಗೆಳತಿ, ಲಾವಾಗ್ ಊರಿನವಳು, ಹಿರಿಯ ಮಾರ್ಕೋಸ್ ಅಧ್ಯಕ್ಷರಾಗಿದ್ದ ಕಾಲವೇ ತಮ್ಮ ದೇಶದ ಸುವರ್ಣಯುಗ ಎನ್ನುತ್ತಾಳೆ. ಅದಕ್ಕೆ ಸಾಕ್ಷಿಯಾಗಿ ಯೂಟ್ಯೂಬಿನಲ್ಲಿರುವ ಹಳೆಯ ದೃಶ್ಯಗಳ ವಿಡಿಯೊಗಳನ್ನು ತೋರಿಸುತ್ತಾಳೆ. ಆತ ಸರ್ವಾಧಿಕಾರಿ ಎಂದು ನಾನು ಓದಿದ ನೆನಪು. ಯಾವುದು ನಿಜ? ಇಷ್ಟು ಓದಿದವರೂ ಇದನ್ನು ನಂಬುವುದೇಕೆ? ಅವಳಿಗೆ ನೋವಾಗದಂತೆ ನಾನು ಏನು ಹೇಳಬಹುದು? ಇಂಥ ವಿಡಿಯೊಗಳನ್ನು ಕಂಪನಿಯವರೇ ತೆಗೆದುಹಾಕಬಾರದೇ?

ಉತ್ತರ: ನಿಮ್ಮ ಗೆಳತಿ ತೋರಿಸುವ ದೃಶ್ಯಗಳಲ್ಲಿ ಹೆಚ್ಚಿನವು ನಿಜವಾದವೇ ಇರಬಹುದು. ಫರ್ಡಿನಾಂಡ್ ಮಾರ್ಕೋಸ್ 1965ರ ಚುನಾವಣೆಯಲ್ಲಿ ಗೆದ್ದಂದಿನಿಂದ 1986ರ ಫೆಬ್ರುವರಿಯಲ್ಲಿ ದೇಶ ಬಿಟ್ಟು ಹವಾಯಿಗೆ ಹೋಗುವವರೆಗಿನ ಎರಡು ದಶಕಗಳಲ್ಲಿ ಫಿಲಿಪ್ಪೀನ್ಸಿನಲ್ಲಿ ರಸ್ತೆ, ಸೇತುವೆ, ಶಾಲೆಗಳು ಎದ್ದವು. ಮನಿಲಾದ ಸಾಂಸ್ಕೃತಿಕ ಕೇಂದ್ರ 1969ರಲ್ಲೂ ಹೃದ್ರೋಗ ಆಸ್ಪತ್ರೆ 1975ರಲ್ಲೂ ನಗರದ ಲಘು ರೈಲು 1984ರಲ್ಲೂ ಆರಂಭವಾದವು. ಇವನ್ನು ಯಾವ ಇತಿಹಾಸಕಾರರೂ ಅಲ್ಲಗಳೆಯುವುದಿಲ್ಲ. ತಪ್ಪಿರುವುದು ಈ ದೃಶ್ಯಗಳಿಂದ ಎಳೆಯುವ ತೀರ್ಮಾನದಲ್ಲಿ. ಆ ತೀರ್ಮಾನ ಅಷ್ಟು ಸಲೀಸಾಗಿ ಮನಸ್ಸಿಗೆ ಇಳಿಯುವುದೇಕೆಂದರೆ, ಆ ಕಾಲದಲ್ಲಿ ಏನನ್ನು ಚಿತ್ರೀಕರಿಸಲು ಬಿಟ್ಟರು, ಏನನ್ನು ಬಿಡಲಿಲ್ಲ ಎಂದು ನೋಡುಗರು ಕೇಳಿಕೊಳ್ಳುವುದಿಲ್ಲ. ನನ್ನ ಉತ್ತರದ ಬಹುಪಾಲು ಈ ಒಂದು ಪ್ರಶ್ನೆಯನ್ನೇ ಆಧರಿಸಿದೆ.

1972ರ ಸೆಪ್ಟೆಂಬರ್ 21ರ ದಿನಾಂಕ ಹೊತ್ತ ಘೋಷಣೆಯ ಮೂಲಕ ಮಾರ್ಕೋಸ್ ದೇಶದ ಮೇಲೆ ಮಾರ್ಷಲ್ ಲಾ, ಅಂದರೆ ಸೈನಿಕ ಆಡಳಿತ, ಹೇರಿದರು. ಜನರಿಗೆ ಅದು ಅವರ ಬಾಯಿಂದಲೇ ತಿಳಿದದ್ದು 23ರಂದು, ಟೀವಿಯಲ್ಲಿ. ಅಷ್ಟರೊಳಗೆ ಖಾಸಗಿ ಪತ್ರಿಕೆಗಳ ಮುದ್ರಣಾಲಯಗಳಿಗೂ ರೇಡಿಯೊ ಮತ್ತು ಟೀವಿ ಕೇಂದ್ರಗಳಿಗೂ ಸೈನಿಕರು ಹೋಗಿ ಬೀಗ ಹಾಕಿಸಿದ್ದರು. ದೇಶದ ಅತಿ ದೊಡ್ಡ ಪ್ರಸಾರ ಸಂಸ್ಥೆಯಾಗಿದ್ದ ಎಬಿಎಸ್-ಸಿಬಿಎನ್ ಮತ್ತೆ ತನ್ನ ಮಾಲೀಕರ ಕೈಗೆ ಬಂದದ್ದು 1986ರಲ್ಲಿ. ನಡುವಿನ ವರ್ಷಗಳಲ್ಲಿ ತೆರೆದಿದ್ದ ಪತ್ರಿಕೆ, ಟೀವಿಗಳು ಬಹುಮಟ್ಟಿಗೆ ಸರ್ಕಾರದವು, ಇಲ್ಲವೇ ಅಧ್ಯಕ್ಷರ ಆಪ್ತರವು. ಹಾಗಾಗಿ ಆ ಕಾಲದಿಂದ ನಮಗೆ ಉಳಿದು ಬಂದಿರುವ ದೇಶೀಯ ಚಲನಚಿತ್ರ ದಾಖಲೆಯ ದೊಡ್ಡ ಭಾಗ ಸರ್ಕಾರವೇ ತೆಗೆಸಿದ್ದು, ಅಥವಾ ಸರ್ಕಾರದ ಅನುಮತಿಯಿಂದ ತೆಗೆದದ್ದು. ಕ್ಯಾಮೆರಾದವರು ಉದ್ಘಾಟನೆಗೆ ಹೋದರು, ಪಥಸಂಚಲನಕ್ಕೆ ಹೋದರು, ಅಧ್ಯಕ್ಷರ ಪತ್ನಿ ಇಮೆಲ್ಡಾ ಮಾರ್ಕೋಸ್ ವಿದೇಶಿ ಗಣ್ಯರನ್ನು ಸ್ವಾಗತಿಸುವ ಸಮಾರಂಭಗಳಿಗೆ ಹೋದರು. ಸೈನಿಕ ಶಿಬಿರದ ವಿಚಾರಣಾ ಕೋಣೆಗೆ ಅವರು ಹೋಗುವಂತಿರಲಿಲ್ಲ.

ಐವತ್ತು ವರ್ಷಗಳ ನಂತರ, ಆ ಕಾಲದಲ್ಲಿ ಹುಟ್ಟಿಯೇ ಇರದ ತರುಣನೊಬ್ಬ ಆ ರೀಲುಗಳ ಡಿಜಿಟಲ್ ಪ್ರತಿಯಿಂದ ತುಣುಕುಗಳನ್ನು ತೆಗೆದು, ಹಿನ್ನೆಲೆಗೆ ಮನ ಕರಗಿಸುವ ಸಂಗೀತ ಸೇರಿಸಿ, ತನ್ನ ದನಿಯಲ್ಲಿ ವಿವರಣೆ ಹೇಳುತ್ತಾನೆ. ಅವನು ಮೋಸಗಾರನೇ ಆಗಿರಬೇಕೆಂದಿಲ್ಲ; ತನಗೆ ಸಿಕ್ಕ ಚಿತ್ರಗಳನ್ನು ಅವನು ನಂಬಿರಬಹುದು. ಆದರೆ ಪ್ರಚಾರಕ್ಕೆಂದು ತೆಗೆದ ದೃಶ್ಯ ಅವನ ಕೈಯಲ್ಲಿ ಪ್ರಚಾರದ ಗುರುತು ಕಳೆದುಕೊಂಡು ‘ಹಳೆಯ ದಾಖಲೆ’ಯಾಗಿ ಬಿಡುತ್ತದೆ. ಮಾರ್ಕೋಸ್ ಸರ್ಕಾರ ತನ್ನ ಬಗ್ಗೆ ತಾನೇ ಹೇಳಿಕೊಂಡ ಕಥೆಯನ್ನು ಇಂದಿನ ನೋಡುಗ ಇತಿಹಾಸದ ಸಾಕ್ಷ್ಯವೆಂದು ಸ್ವೀಕರಿಸುತ್ತಾನೆ. ವಿದೇಶಿ ವರದಿಗಾರರು ತೆಗೆದ ದೃಶ್ಯಗಳೂ ಇವೆ. 1983ರ ಆಗಸ್ಟ್ 21ರಂದು ವಿರೋಧ ಪಕ್ಷದ ನಾಯಕ ಬೆನಿನ್ಯೊ ಅಕ್ವಿನೊ ಅವರನ್ನು ಮನಿಲಾ ವಿಮಾನ ನಿಲ್ದಾಣದಲ್ಲಿ ಕೊಂದ ದಿನ ಅದೇ ವಿಮಾನದಲ್ಲಿ ವಿದೇಶಿ ಪತ್ರಕರ್ತರು ಇದ್ದುದರಿಂದಲೇ ಆ ಗಳಿಗೆಯ ಚಿತ್ರಗಳು ಜಗತ್ತಿಗೆ ಸಿಕ್ಕವು. ಅಂಥವು ವಿರಳ.

ಒಂದು ಉದಾಹರಣೆ ಕೊಡುತ್ತೇನೆ. ಇಂಥ ವಿಡಿಯೊಗಳಲ್ಲಿ ತಪ್ಪದೇ ಕಾಣುವುದು ಸಮಾರ್ ಮತ್ತು ಲೆಯ್ಟೆ ದ್ವೀಪಗಳನ್ನು ಜೋಡಿಸುವ, ಎರಡು ಕಿಲೋಮೀಟರಿಗೂ ಉದ್ದವಾದ ಸಾನ್ ಹ್ವಾನಿಕೊ ಸೇತುವೆ. 1973ರಲ್ಲಿ ಉದ್ಘಾಟನೆಯಾದ ಅದು ನಿಜಕ್ಕೂ ಸುಂದರವಾದ ಸೇತುವೆ. ಅದೇ ವರ್ಷಗಳಲ್ಲಿ ಬಂಧಿತರಿಗೆ ಕೊಡುತ್ತಿದ್ದ ಒಂದು ಚಿತ್ರಹಿಂಸೆಗೂ ಅದೇ ಹೆಸರು ಬಿದ್ದಿತ್ತು: ಒಂದು ಮಂಚದ ಅಂಚಿನ ಮೇಲೆ ತಲೆ, ಇನ್ನೊಂದು ಮಂಚದ ಅಂಚಿನ ಮೇಲೆ ಪಾದಗಳನ್ನು ಇಡಿಸಿ, ನಡುವೆ ದೇಹ ಕುಸಿದಾಗಲೆಲ್ಲ ಹೊಡೆಯುವುದು. ಬದುಕಿ ಬಂದವರು ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ, ಬರೆದಿದ್ದಾರೆ. ಆದರೆ ಸಮುದ್ರದ ಮೇಲಿನ ಸೇತುವೆಗೆ ವಿಡಿಯೊ ಇದೆ, ಮಂಚಗಳ ನಡುವಿನದಕ್ಕೆ ಮಾತಿನ ಸಾಕ್ಷ್ಯ ಮಾತ್ರ ಇದೆ. ದೃಶ್ಯವಿದ್ದದ್ದೇ ನಿಜ ಎಂಬ ಅಭ್ಯಾಸ ಬೆಳೆದ ಮಾಧ್ಯಮದಲ್ಲಿ ಎರಡನೆಯದು ತಾನಾಗಿಯೇ ಬಲ ಕಳೆದುಕೊಳ್ಳುತ್ತದೆ.

ಮಿಂಡನಾವೊ ದ್ವೀಪದ ಮಾಲಿಸ್ಬೊಂಗ್ ಹಳ್ಳಿಯಲ್ಲಿ 1974ರ ಸೆಪ್ಟೆಂಬರಿನಲ್ಲಿ ಸೈನ್ಯ ಮುಸ್ಲಿಂ ಗಂಡಸರನ್ನು ಮಸೀದಿಯೊಂದರಲ್ಲಿ ಕೂಡಿಹಾಕಿ ಕೊಂದಿತು. ಸತ್ತವರು ಸುಮಾರು 1,500 ಮಂದಿ ಎಂದು ಉಳಿದವರು ಹೇಳುತ್ತಾರೆ. ಆ ಘಟನೆ ನಲವತ್ತು ವರ್ಷಗಳವರೆಗೆ ರಾಷ್ಟ್ರದ ನೆನಪಿನ ಅಂಚಿನಲ್ಲೇ ಉಳಿಯಿತು. ಮಾರ್ಷಲ್ ಲಾ ಕಾಲದಲ್ಲಿ ಸುಮಾರು 70,000 ಜನ ಬಂಧಿತರಾದರು, 34,000 ಜನ ಚಿತ್ರಹಿಂಸೆಗೆ ಒಳಗಾದರು, 3,200ಕ್ಕೂ ಹೆಚ್ಚು ಜನ ಕೊಲೆಯಾದರು ಎಂಬುದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಉಲ್ಲೇಖಿಸುವ ಅಂದಾಜು. ಅಂದಾಜಿನ ಬಗ್ಗೆ ತಕರಾರು ತೆಗೆಯುವವರಿಗೆ ಕಾನೂನಿನ ದಾಖಲೆಯೂ ಇದೆ. 2013ರಲ್ಲಿ ಫಿಲಿಪ್ಪೀನ್ಸ್ ಸಂಸತ್ತು ಸಂತ್ರಸ್ತರಿಗೆ ಪರಿಹಾರ ಕೊಡುವ ಕಾಯಿದೆ ಮಾಡಿತು. ಅದರಡಿ ರಚನೆಯಾದ ಮಂಡಳಿ 75,000ಕ್ಕೂ ಹೆಚ್ಚು ಅರ್ಜಿಗಳನ್ನು ಒಂದೊಂದಾಗಿ ಪರಿಶೀಲಿಸಿ 11,103 ಜನರನ್ನು ಸಂತ್ರಸ್ತರೆಂದು ಒಪ್ಪಿಕೊಂಡಿತು. ಪರಿಹಾರದ ಹಣ ಬಂದದ್ದು ಮಾರ್ಕೋಸ್ ಕುಟುಂಬದ ಸ್ವಿಸ್ ಖಾತೆಗಳಿಂದ ವಶಪಡಿಸಿಕೊಂಡ ಮೊತ್ತದಿಂದ ಎಂಬುದನ್ನು ನಿಮ್ಮ ಗೆಳತಿ ಬಹುಶಃ ಕೇಳಿರಲಾರರು.

ಇನ್ನು ಆರ್ಥಿಕತೆ. ಇಲ್ಲಿ ವಿಡಿಯೊಗಳು ಮಾಡುವ ಕೆಲಸ ಕಾಲವನ್ನು ಕತ್ತರಿಸುವುದು. ಯಾವ ವರ್ಷದಲ್ಲಿ ಕಥೆ ಶುರುವಾಗುತ್ತದೆ, ಯಾವ ವರ್ಷದಲ್ಲಿ ನಿಲ್ಲುತ್ತದೆ ಎಂದು ಗಮನಿಸಿದರೆ ಸಾಕು, ಕತ್ತರಿ ಆಡಿದ ಜಾಗ ಕಾಣುತ್ತದೆ. 1973ರಲ್ಲೂ 1976ರಲ್ಲೂ ದೇಶದ ಆರ್ಥಿಕತೆ ಶೇ 9ರ ಸಮೀಪ ಬೆಳೆದದ್ದು ನಿಜ. ಆ ಬೆಳವಣಿಗೆಯ ಹಿಂದೆ ರಫ್ತು ಸರಕುಗಳಿಗೆ ಸಿಕ್ಕ ಒಳ್ಳೆಯ ಬೆಲೆಯಿತ್ತು, ಅದಕ್ಕಿಂತ ಹೆಚ್ಚಾಗಿ ವಿದೇಶಿ ಸಾಲವಿತ್ತು. ಮಾರ್ಕೋಸ್ ಅಧಿಕಾರಕ್ಕೆ ಬಂದಾಗ 100 ಕೋಟಿ ಡಾಲರಿಗೂ ಕಡಿಮೆಯಿದ್ದ ಸಾಲ ಅವರು ಹೋಗುವ ಹೊತ್ತಿಗೆ 2,600 ಕೋಟಿ ಡಾಲರನ್ನು ದಾಟಿತ್ತು. ಬಡ್ಡಿದರ ಏರಿ, ಸರಕಿನ ಬೆಲೆ ಇಳಿದು, ಅಕ್ವಿನೊ ಕೊಲೆಯ ನಂತರ ಬಂಡವಾಳ ಓಡಿಹೋದಾಗ, 1983ರ ಅಕ್ಟೋಬರಿನಲ್ಲಿ ಸರ್ಕಾರ ಸಾಲದ ಕಂತು ಕಟ್ಟಲಾಗದು ಎಂದು ಕೈಚೆಲ್ಲಿತು. 1984ರಲ್ಲೂ 1985ರಲ್ಲೂ ಆರ್ಥಿಕತೆ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚು ಕುಗ್ಗಿತು, 1984ರ ಹಣದುಬ್ಬರ ಶೇ 50ರ ಹತ್ತಿರವಿತ್ತು, ಸಕ್ಕರೆ ಬೆಳೆಯುವ ನೀಗ್ರೋಸ್ ದ್ವೀಪದಲ್ಲಿ ಕೂಲಿಕಾರರ ಮಕ್ಕಳು ಹಸಿವಿನಿಂದ ಸತ್ತರು. 1982ರಲ್ಲಿದ್ದ ತಲಾ ಆದಾಯದ ಮಟ್ಟವನ್ನು ದೇಶ ಮತ್ತೆ ಮುಟ್ಟಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಹೊಗಳುವ ವಿಡಿಯೊಗಳು 1983ರ ಮುಂಚೆಯೇ ಮುಗಿಯುತ್ತವೆ, ಇಲ್ಲವೇ ಆ ಕುಸಿತವನ್ನು ನಂತರ ಬಂದ ಸರ್ಕಾರದ ಲೆಕ್ಕಕ್ಕೆ ಬರೆಯುತ್ತವೆ.

ಬತಾನ್ ಅಣುವಿದ್ಯುತ್ ಸ್ಥಾವರದ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. 200 ಕೋಟಿ ಡಾಲರಿಗೂ ಹೆಚ್ಚು ಖರ್ಚಾದ ಆ ಸ್ಥಾವರ ಒಂದು ಯೂನಿಟ್ ವಿದ್ಯುತ್ತನ್ನೂ ಕೊಡಲಿಲ್ಲ. ಅದರ ಸಾಲ ತೀರಿದ್ದು 2007ರಲ್ಲಿ. ಅಂದರೆ ಮಾರ್ಕೋಸ್ ಓಡಿಹೋದ ವರ್ಷ ಹುಟ್ಟಿದ ಮಗು ಇಪ್ಪತ್ತೊಂದು ವರ್ಷದ ದುಡಿಯುವ ವ್ಯಕ್ತಿಯಾಗುವವರೆಗೆ ಜನ ಅದಕ್ಕಾಗಿ ತೆರಿಗೆ ಕಟ್ಟಿದರು. ಮಾರ್ಕೋಸ್ ಕಾಲದಲ್ಲಿ ಡಾಲರಿಗೆ ಎರಡೇ ಪೆಸೊ ಇತ್ತು ಎಂಬ ಮಾತೂ ಬಹಳ ಓಡಾಡುತ್ತದೆ. ಆ ದರ ಇದ್ದದ್ದು ಅವರು ಬರುವುದಕ್ಕೆ ಮುಂಚೆ. ಅವರು ಬಂದಾಗ ಡಾಲರಿಗೆ ನಾಲ್ಕರ ಹತ್ತಿರವಿದ್ದ ಪೆಸೊ ಹೋಗುವಾಗ ಇಪ್ಪತ್ತರ ಹತ್ತಿರಕ್ಕೆ ಕುಸಿದಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅಕ್ಕಿ ರಫ್ತು ಮಾಡಿದ್ದು ನಿಜ, ಸ್ವಲ್ಪ ಕಾಲ ಮಾತ್ರ. ಅದಕ್ಕೆ ಆಧಾರವಾಗಿದ್ದ ರೈತರ ಸಾಲ ಯೋಜನೆಯಲ್ಲಿ ಮರುಪಾವತಿ ಕುಸಿದು ಗ್ರಾಮೀಣ ಬ್ಯಾಂಕುಗಳು ನೆಲಕಚ್ಚಿದವು.

ನಿಮ್ಮಿಬ್ಬರಿಗೂ ನೇರವಾಗಿ ತಟ್ಟುವ ಸಂಗತಿಯೊಂದಿದೆ. ಫಿಲಿಪ್ಪೀನ್ಸಿನ ಕೆಲಸಗಾರರನ್ನು ವ್ಯವಸ್ಥಿತವಾಗಿ ಹೊರದೇಶಕ್ಕೆ ಕಳಿಸುವ ಸರ್ಕಾರಿ ನೀತಿ ರೂಪುಗೊಂಡದ್ದು ಮಾರ್ಕೋಸ್ ಹೊರಡಿಸಿದ 1974ರ ಕಾರ್ಮಿಕ ಸಂಹಿತೆಯಲ್ಲಿ. ಊರಿನಲ್ಲಿ ಎಲ್ಲರಿಗೂ ಕೆಲಸ ಕೊಡಲಾಗದ, ವಿದೇಶಿ ವಿನಿಮಯದ ಹಸಿವಿದ್ದ ಸರ್ಕಾರ ಅದನ್ನು ತಾತ್ಕಾಲಿಕ ಉಪಾಯವೆಂದು ಆರಂಭಿಸಿತು. ಗಲ್ಫ್ ದೇಶಗಳಲ್ಲಿ ಆಗ ತೈಲದ ಹಣ ಹರಿಯತೊಡಗಿತ್ತು. ಆ ತಾತ್ಕಾಲಿಕ ಉಪಾಯ ಐವತ್ತು ವರ್ಷಗಳಿಂದ ನಿಂತಿಲ್ಲ. ನಿಮ್ಮ ಗೆಳತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕುವೈತಿಗೆ ಬಂದಿದ್ದರೆ, ಆ ದಾರಿ ತೆರೆದದ್ದು ಅವರು ಸುವರ್ಣಯುಗವೆನ್ನುವ ಕಾಲದಲ್ಲೇ. ಇದನ್ನು ಆರೋಪವಾಗಿ ಹೇಳುತ್ತಿಲ್ಲ. ಹೊರದೇಶದ ದುಡಿಮೆ ಅನೇಕ ಮನೆಗಳನ್ನು ಎತ್ತಿ ನಿಲ್ಲಿಸಿದೆ, ಕರಾವಳಿಯವರಾದ ನಿಮಗೆ ಅದನ್ನು ನಾನು ವಿವರಿಸಬೇಕಿಲ್ಲ. ಆದರೆ ಎಲ್ಲರಿಗೂ ಕೆಲಸವಿದ್ದ ಸಮೃದ್ಧ ನಾಡು ಎಂಬ ಚಿತ್ರಕ್ಕೂ, ಅದೇ ನಾಡು ತನ್ನ ಜನರನ್ನು ಹೊರಗೆ ಕಳಿಸಲು ಕಾನೂನು ಬರೆದದ್ದಕ್ಕೂ ಹೊಂದಿಕೆ ಇಲ್ಲ.

ಅರ್ಧ ನಿಜಗಳ ಪಕ್ಕದಲ್ಲೇ ಪೂರ್ಣ ಸುಳ್ಳುಗಳೂ ಇವೆ. ‘ತಲ್ಲಾನೊ’ ಎಂಬ ರಾಜವಂಶ ಇಡೀ ದೇಶದ ಒಡೆತನ ಹೊಂದಿತ್ತು, ವಕೀಲರಾಗಿದ್ದ ಮಾರ್ಕೋಸ್‌ಗೆ ಅದು ಶುಲ್ಕವಾಗಿ ಲಕ್ಷಾಂತರ ಟನ್ ಬಂಗಾರ ಕೊಟ್ಟಿತು, ಅವರ ಸಂಪತ್ತಿಗೆ ಅದೇ ಮೂಲ ಎಂಬ ಕಥೆ ಅವುಗಳಲ್ಲಿ ಪ್ರಸಿದ್ಧ. ಮನುಷ್ಯರು ಇತಿಹಾಸದುದ್ದಕ್ಕೂ ಅಗೆದು ತೆಗೆದ ಬಂಗಾರವೆಲ್ಲ ಸೇರಿದರೂ ಎರಡು ಲಕ್ಷ ಟನ್ನಿನ ಆಸುಪಾಸು. ಅಂಥ ರಾಜವಂಶಕ್ಕೆ ಯಾವ ಆಧಾರವೂ ಇಲ್ಲ. ಸಂಪತ್ತಿನ ಪ್ರಶ್ನೆಗೆ ಉತ್ತರ 2003ರ ಜುಲೈನಲ್ಲಿ ಫಿಲಿಪ್ಪೀನ್ಸ್ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿದೆ. ಅಧಿಕಾರದಲ್ಲಿದ್ದ ಅಷ್ಟೂ ವರ್ಷ ದಂಪತಿಗೆ ಸಂಬಳವಾಗಿ ಬಂದದ್ದು ಸುಮಾರು 3 ಲಕ್ಷ 4 ಸಾವಿರ ಡಾಲರ್ ಎಂದು ಲೆಕ್ಕ ಹಾಕಿದ ನ್ಯಾಯಾಲಯ, ಸ್ವಿಟ್ಜರ್ಲೆಂಡಿನ ಖಾತೆಗಳಲ್ಲಿದ್ದ 65 ಕೋಟಿಗೂ ಹೆಚ್ಚು ಡಾಲರನ್ನು ಅಕ್ರಮ ಗಳಿಕೆಯೆಂದು ಸರ್ಕಾರಕ್ಕೆ ಮುಟ್ಟುಗೋಲು ಹಾಕಿತು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬಂಗಾರದ ಕಥೆ ಏಕೆ ಬೇಕಾಯಿತೆಂದು ತಿಳಿಯುತ್ತದೆ.

ಹೊಸ ದೃಶ್ಯಗಳನ್ನೂ ಸೃಷ್ಟಿಸಿದ್ದಾರೆ. 2018ರ ಸೆಪ್ಟೆಂಬರಿನಲ್ಲಿ, ಮಾರ್ಷಲ್ ಲಾ ಘೋಷಣೆಯ ವಾರ್ಷಿಕ ದಿನದ ಹೊತ್ತಿಗೆ, ಮಗ ಬಾಂಗ್‌ಬಾಂಗ್ ಮಾರ್ಕೋಸ್ ತಮ್ಮ ತಂದೆಯ ರಕ್ಷಣಾ ಸಚಿವರಾಗಿದ್ದ ಹ್ವಾನ್ ಪೋನ್ಸೆ ಎನ್ರಿಲೆ ಅವರನ್ನು ಎದುರು ಕೂರಿಸಿಕೊಂಡು ಸಂದರ್ಶನ ಮಾಡಿ ಇಂಟರ್‌ನೆಟ್ಟಿನಲ್ಲಿ ಹರಿಬಿಟ್ಟರು. ರಾಜಕೀಯ ಅಭಿಪ್ರಾಯಕ್ಕಾಗಿ ಬಂಧಿಸಿದ ಒಬ್ಬರ ಹೆಸರನ್ನಾದರೂ ಹೇಳಿ ಎಂದು ಎನ್ರಿಲೆ ಅಲ್ಲಿ ಸವಾಲು ಹಾಕಿದರು. ಬಂಧನದ ಆದೇಶಗಳಿಗೆ ಸಹಿ ಹಾಕುತ್ತಿದ್ದವರು ಅವರೇ. ಸೆನೆಟರ್ ಹೋಸೆ ಡಿಯೊಕ್ನೊ ಅವರನ್ನು ಒಂದು ಆರೋಪಪಟ್ಟಿಯನ್ನೂ ಸಲ್ಲಿಸದೆ ಸುಮಾರು ಎರಡು ವರ್ಷ ಸೆರೆಯಲ್ಲಿಟ್ಟಿದ್ದರು. ಅಕ್ವಿನೊಗೆ ಸೈನಿಕ ನ್ಯಾಯಮಂಡಳಿ 1977ರಲ್ಲಿ ಮರಣದಂಡನೆ ವಿಧಿಸಿತ್ತು. ಮಾರ್ಷಲ್ ಲಾಗೆ ಒಂದು ನೆಪವಾಗಿದ್ದ, ತಮ್ಮ ಕಾರಿನ ಮೇಲಿನ ದಾಳಿ ನಾಟಕವಾಗಿತ್ತೆಂದು 1986ರಲ್ಲಿ ಇದೇ ಎನ್ರಿಲೆ ಪತ್ರಕರ್ತರೆದುರು ಒಪ್ಪಿಕೊಂಡು, ಆಮೇಲೆ ಆ ಮಾತನ್ನೂ ಹಿಂತೆಗೆದುಕೊಂಡರು. ಸಂದರ್ಶನಕ್ಕೆ ತೀವ್ರ ವಿರೋಧ ಬಂದ ಮೇಲೆ ಅವರು ಕ್ಷಮೆ ಕೇಳಿದರು. ಆದರೆ ಕ್ಷಮೆ ಒಂದು ದಿನದ ಸುದ್ದಿಯಾಗಿ ಮುಗಿಯಿತು, ವಿಡಿಯೊ ತನ್ನ ಪಾಡಿಗೆ ಓಡುತ್ತಲೇ ಇತ್ತು.

ಈ ಓಟಕ್ಕೆ ವೇದಿಕೆಗಳ ವ್ಯಾಪಾರದ ರೀತಿಯೂ ಕಾರಣ. 2012ರಿಂದ ಯೂಟ್ಯೂಬ್ ತನ್ನ ಶಿಫಾರಸುಗಳಿಗೆ ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದನ್ನು ಹೆಚ್ಚು ಪರಿಗಣಿಸುತ್ತ ಬಂತು. ಹಳೆಯ ಕಾಲದ ಹಂಬಲ ಜನರನ್ನು ಹಿಡಿದು ಕೂರಿಸುತ್ತದೆ. ನ್ಯಾಯಾಲಯದ ತೀರ್ಪಿನ ವಿವರಣೆ ಕೂರಿಸುವುದಿಲ್ಲ. ಒಂದನ್ನು ಪೂರ್ತಿ ನೋಡಿದವರಿಗೆ ಅಂಥದೇ ಇನ್ನೊಂದು ಎದುರಾಗುತ್ತದೆ, ನೋಡಿದಷ್ಟೂ ಜಾಹೀರಾತಿನ ಹಣ ಮಾಡಿದವರಿಗೆ ಸೇರುತ್ತದೆ. ಹೀಗಾಗಿ ಪಕ್ಷದ ಪ್ರಚಾರ ಯಂತ್ರದ ಸಂಬಂಧವೇ ಇಲ್ಲದವರೂ ಇಂಥ ವಿಡಿಯೊ ಮಾಡಲು ಮುಂದಾದರು. 2022ರ ಜನವರಿಯಲ್ಲಿ ಜಗತ್ತಿನ 80ಕ್ಕೂ ಹೆಚ್ಚು ಸತ್ಯಶೋಧಕ ಸಂಸ್ಥೆಗಳು ಯೂಟ್ಯೂಬಿನ ಮುಖ್ಯಸ್ಥರಿಗೆ ಬಹಿರಂಗ ಪತ್ರ ಬರೆದಾಗ, ಮಾರ್ಷಲ್ ಲಾ ದೌರ್ಜನ್ಯಗಳನ್ನು ನಿರಾಕರಿಸುವ, 20 ಲಕ್ಷಕ್ಕೂ ಹೆಚ್ಚು ಬಾರಿ ನೋಡಿದ ಫಿಲಿಪ್ಪೀನ್ಸಿನ ವಿಡಿಯೊಗಳನ್ನು ಉದಾಹರಣೆಯಾಗಿ ಕೊಟ್ಟಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ಬಾಂಗ್‌ಬಾಂಗ್ ಮಾರ್ಕೋಸ್ ಮೂರು ಕೋಟಿಗೂ ಹೆಚ್ಚು, ಅಂದರೆ ಶೇ 58ಕ್ಕಿಂತ ಹೆಚ್ಚು ಮತ ಪಡೆದು ಅಧ್ಯಕ್ಷರಾದರು. ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು 41 ವರ್ಷದೊಳಗಿನವರು. 1986ರಲ್ಲಿ ಅವರು ಎಳೆಯ ಮಕ್ಕಳು, ಇಲ್ಲವೇ ಇನ್ನೂ ಹುಟ್ಟಿರಲಿಲ್ಲ.

ಆದರೂ ಈ ಗೆಲುವನ್ನು ವಿಡಿಯೊಗಳ ತಲೆಗೆ ಮಾತ್ರ ಕಟ್ಟುವವರ ಜೊತೆ ನಾನಿಲ್ಲ. ಓದಿದವರೂ ಏಕೆ ನಂಬುತ್ತಾರೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ 1986ರ ನಂತರದ ವರ್ಷಗಳಲ್ಲಿದೆ. ಸರ್ವಾಧಿಕಾರ ಬಿದ್ದು ಒಂದು ವರ್ಷ ಕಳೆಯುವ ಮೊದಲೇ, 1987ರ ಜನವರಿಯಲ್ಲಿ, ಭೂಮಿ ಕೇಳಿ ಅಧ್ಯಕ್ಷರ ಅರಮನೆಯತ್ತ ಮೆರವಣಿಗೆ ಹೊರಟ ರೈತರ ಮೇಲೆ ಮನಿಲಾದ ಮೆಂಡಿಯೊಲಾ ಬೀದಿಯಲ್ಲಿ ಭದ್ರತಾ ಪಡೆಯವರು ಗುಂಡು ಹಾರಿಸಿ 13 ಜನರನ್ನು ಕೊಂದರು. ಭೂಸುಧಾರಣೆ ಹೊಸ ಅಧ್ಯಕ್ಷೆ, ಕೊಲೆಯಾದ ಅಕ್ವಿನೊ ಅವರ ಪತ್ನಿ ಕೊರಾಸೊನ್ ಅಕ್ವಿನೊ ಅವರ ಕುಟುಂಬದ ಕಬ್ಬಿನ ಎಸ್ಟೇಟಿನ ಬಾಗಿಲಲ್ಲೇ ದಶಕಗಳ ಕಾಲ ನಿಂತಿತು. ತೊಂಬತ್ತರ ದಶಕದ ಆರಂಭದಲ್ಲಿ ದಿನಕ್ಕೆ ಹಲವು ತಾಸು ವಿದ್ಯುತ್ ಇರಲಿಲ್ಲ. ಕುಟುಂಬ ರಾಜಕಾರಣವನ್ನು ನಿಷೇಧಿಸಬೇಕೆಂದು 1987ರ ಸಂವಿಧಾನ ಹೇಳಿದರೂ ಅದೇ ಕುಟುಂಬಗಳಿಂದ ತುಂಬಿದ ಸಂಸತ್ತು ಅದಕ್ಕೆ ಬೇಕಾದ ಕಾನೂನನ್ನು ಮಾಡಲೇ ಇಲ್ಲ. ಮಾರ್ಷಲ್ ಲಾ ಜಾರಿ ಮಾಡಿದ್ದ ಎನ್ರಿಲೆ ಮತ್ತು ಸೇನಾಧಿಕಾರಿ ಫಿಡೆಲ್ ರಾಮೊಸ್ ಕೊನೆಯ ಗಳಿಗೆಯಲ್ಲಿ ಪಕ್ಷ ಬದಲಿಸಿ 1986ರ ಜನಕ್ರಾಂತಿಯ ವೀರರಾದರು, ರಾಮೊಸ್ ಮುಂದೆ ಅಧ್ಯಕ್ಷರೂ ಆದರು. ಹೀಗಿರುವಾಗ ಹಳೆಯ ಅಪರಾಧಗಳ ವಿಚಾರಣೆಯನ್ನು ಯಾರು ನಡೆಸಬೇಕಿತ್ತು? ಮಾರ್ಕೋಸ್ ಕುಟುಂಬ 1991ರಲ್ಲೇ ದೇಶಕ್ಕೆ ಮರಳಿತು, ಮರುವರ್ಷವೇ ಮಗ ಸಂಸತ್ ಸದಸ್ಯರಾದರು. 2018ರಲ್ಲಿ ಏಳು ಭ್ರಷ್ಟಾಚಾರ ಆರೋಪಗಳಲ್ಲಿ ಇಮೆಲ್ಡಾ ದೋಷಿ ಎಂದು ತೀರ್ಪು ಬಂದರೂ ಅವರು ಜೈಲಿಗೆ ಹೋಗಲಿಲ್ಲ. ಇದನ್ನೆಲ್ಲ ಕಂಡ ಸಾಮಾನ್ಯರು, ಪ್ರಜಾಪ್ರಭುತ್ವ ಕೊಟ್ಟ ಮಾತನ್ನು ನಡೆಸಲಿಲ್ಲ ಎಂದು ತೀರ್ಮಾನಿಸಿದರೆ ಅದು ಅವಿವೇಕವಲ್ಲ. ಹಂಬಲದ ವಿಡಿಯೊ ಆ ನ್ಯಾಯವಾದ ಸಿಟ್ಟಿಗೆ ತಪ್ಪು ವಿಳಾಸ ಕೊಡುತ್ತದೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ಅನುಭವವಿದೆ. ತುರ್ತುಪರಿಸ್ಥಿತಿಯಲ್ಲಿ ರೈಲುಗಳು ಸರಿಯಾದ ಹೊತ್ತಿಗೆ ಬರುತ್ತಿದ್ದವು, ಕಚೇರಿಗಳಲ್ಲಿ ಕೆಲಸ ಆಗುತ್ತಿತ್ತು ಎಂದು ಹೇಳುವ ಹಿರಿಯರನ್ನು ನೀವೂ ಕಂಡಿರಬಹುದು. ಆಗಲೂ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಸರ್ಕಾರದ ಚಿತ್ರಗಳೇ ದಾಖಲೆಯಾಗಿ ಉಳಿದವು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಇದ್ದು, ಅಸ್ತಮಾ ಉಲ್ಬಣಿಸಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡ ಕಲಾವಿದೆ ಸ್ನೇಹಲತಾ ರೆಡ್ಡಿ ಅವರ ಸೆರೆವಾಸಕ್ಕೆ ಯಾವ ವಿಡಿಯೊ ಇದೆ? ಅವರು ಜೈಲಿನಲ್ಲಿ ಬರೆದಿಟ್ಟ ದಿನಚರಿ ಇದೆ.

ಈಗ ಗೆಳತಿಯ ಜೊತೆ ಮಾತಾಡುವ ವಿಷಯ. ಲಾವಾಗ್ ಇರುವುದು ಮಾರ್ಕೋಸ್ ಅವರ ತವರು ಪ್ರಾಂತ್ಯವಾದ ಇಲೊಕೋಸ್ ನಾರ್ತೆಯಲ್ಲಿ. ಅಧ್ಯಕ್ಷರ ಕೃಪೆ ತವರಿನ ಮೇಲಿತ್ತು. ಅವರ ಮನೆಯ ಹಿರಿಯರು ಆ ಕಾಲವನ್ನು ಒಳ್ಳೆಯದೆಂದು ನೆನೆಯುತ್ತಿದ್ದರೆ ಆ ನೆನಪು ಪ್ರಾಮಾಣಿಕವಾದದ್ದೇ. ಅದನ್ನು ಸುಳ್ಳೆಂದು ಹೇಳಬೇಡಿ, ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅಜ್ಜಿಯ ನೆನಪು ಅಜ್ಜಿಯ ಊರಿನದು. ಅದೇ ವರ್ಷಗಳಲ್ಲಿ ಪಕ್ಕದ ಊರಿನಲ್ಲಿ ಏನಾಗುತ್ತಿತ್ತು ಎಂದು ಜೊತೆಯಾಗಿ ಹುಡುಕೋಣ ಎನ್ನಿ. ಇಲೊಕೋಸ್‌ನ ಪೂರ್ವಕ್ಕಿರುವ ಬೆಟ್ಟಸೀಮೆಯಲ್ಲಿ ಚಿಕೊ ನದಿಗೆ ಅಣೆಕಟ್ಟುಗಳನ್ನು ಕಟ್ಟುವ ಯೋಜನೆಯಿತ್ತು. ಕಲಿಂಗ ಮತ್ತು ಬೊಂಟೊಕ್ ಜನರ ಹಳ್ಳಿ, ಗದ್ದೆ, ಪೂರ್ವಿಕರ ಸಮಾಧಿಗಳು ಮುಳುಗುವುದರಲ್ಲಿದ್ದವು. ವಿರೋಧಕ್ಕೆ ಮುಂದಾಳಾಗಿದ್ದ ಮಕ್ಲಿಇಂಗ್ ದುಲಾಗ್ ಅವರನ್ನು 1980ರ ಏಪ್ರಿಲ್ 24ರ ರಾತ್ರಿ ಸೈನಿಕರು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಆ ಸಾವಿನ ನಂತರ ವಿರೋಧ ಇನ್ನೂ ಬಲವಾಗಿ ಯೋಜನೆ ಕೈಬಿಡಬೇಕಾಯಿತು. ಮುಳುಗಡೆಯ ಸಂಕಟ ಏನೆಂದು ಕನ್ನಡಿಗರಾದ ನಿಮಗೆ ಗೊತ್ತಿದೆ, ಈ ಪ್ರಸಂಗದಿಂದ ಮಾತು ಆರಂಭಿಸುವುದು ನಿಮಗೆ ಸುಲಭವಾದೀತು.

ಎರಡನೆಯದಾಗಿ, ಮುಂದಿನ ಬಾರಿ ಅವರು ವಿಡಿಯೊ ತೋರಿಸಿದಾಗ ವಾದಕ್ಕೆ ಇಳಿಯದೆ ಮೂರು ವಿಷಯ ಕೇಳಿ: ಈ ದೃಶ್ಯ ತೆಗೆದವರು ಯಾರು, ಕಥೆ ಯಾವ ವರ್ಷಕ್ಕೆ ನಿಲ್ಲುತ್ತದೆ, ಇದಕ್ಕೆ ತಗಲಿದ ಸಾಲವನ್ನು ತೀರಿಸಿದವರು ಯಾರು. ಉತ್ತರವನ್ನು ನೀವು ಹೇಳಬೇಡಿ, ಅವರೇ ಹುಡುಕಲಿ. ಸುಪ್ರೀಂ ಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುತ್ತದೆ. ಕ್ಯೂಜಾನ್ ಸಿಟಿಯಲ್ಲಿರುವ ‘ಬಂತಾಯೋಗ್ ನಾಂಗ್ ಮಾಂಗಾ ಬಯಾನಿ’ (ವೀರರ ಸ್ಮಾರಕ) ಎಂಬಲ್ಲಿ ಕಪ್ಪುಕಲ್ಲಿನ ಗೋಡೆಯ ಮೇಲೆ ಕೆತ್ತಿದ, ಮಾರ್ಕೋಸ್ ಆಡಳಿತವನ್ನು ಎದುರಿಸಿದವರ ಹೆಸರುಗಳ ಹಿಂದಿನ ಜೀವನಚರಿತ್ರೆಗಳೂ ಸಿಗುತ್ತವೆ. ಮಕ್ಲಿಇಂಗ್ ದುಲಾಗ್ ಹೆಸರು ಅಲ್ಲಿದೆ.

ಕಂಪನಿಗಳು ತೆಗೆದುಹಾಕಬಾರದೇ ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ. ಹಿಟ್ಲರನ ಕಾಲದ ಯಹೂದಿ ನರಮೇಧದಂಥ, ದಾಖಲೆಗಳಿಂದ ಸಾಬೀತಾದ ಹಿಂಸಾಕೃತ್ಯಗಳು ನಡೆದೇ ಇಲ್ಲ ಎನ್ನುವ ವಿಡಿಯೊಗಳನ್ನು ಯೂಟ್ಯೂಬ್ 2019ರಲ್ಲಿ ನಿಷೇಧಿಸಿತು. ಮಾಲಿಸ್ಬೊಂಗ್‌ನಲ್ಲಿ ಯಾರೂ ಸಾಯಲಿಲ್ಲ, ಮಾರ್ಷಲ್ ಲಾದಲ್ಲಿ ಯಾರಿಗೂ ಹಿಂಸೆಯಾಗಲಿಲ್ಲ ಎನ್ನುವ ವಿಡಿಯೊಗಳಿಗೂ ಅದೇ ಅಳತೆ ಅನ್ವಯಿಸಬೇಕು. ಒಂದು ದೇಶದ ಸಂತ್ರಸ್ತರಿಗೆ ಸಿಕ್ಕ ರಕ್ಷಣೆ ಇನ್ನೊಂದು ದೇಶದವರಿಗೆ ಸಿಗದಿರಲು ನ್ಯಾಯವಾದ ಕಾರಣ ನನಗೆ ಕಾಣುವುದಿಲ್ಲ. ಆದರೆ ನಿಮ್ಮ ಗೆಳತಿ ನೋಡುವ ಸೇತುವೆ, ಆಸ್ಪತ್ರೆಗಳ ವಿಡಿಯೊ ಆ ಸಾಲಿಗೆ ಸೇರದು, ಅದನ್ನು ಅಳಿಸಿದರೆ ಸತ್ಯವನ್ನು ಮುಚ್ಚಿಡುತ್ತಿದ್ದಾರೆ ಎಂಬ ಅವರ ಶಂಕೆಯೇ ಬಲಿಯುತ್ತದೆ. ಅಂಥ ವಿಡಿಯೊಗಳಿಂದ ಜಾಹೀರಾತಿನ ಹಣವನ್ನೂ ತಾನಾಗಿ ಮೇಲೆ ತಳ್ಳುವ ಶಿಫಾರಸನ್ನೂ ಹಿಂತೆಗೆದುಕೊಳ್ಳಲಿ, ಕೆಳಗೆ ನ್ಯಾಯಾಲಯದ ತೀರ್ಪಿನ ಮತ್ತು ಸಂತ್ರಸ್ತರ ಮಂಡಳಿಯ ದಾಖಲೆಗಳ ಕೊಂಡಿ ಇಡಲಿ. ವಿಡಿಯೊ ಅಲ್ಲೇ ಇರಲಿ, ಹುಡುಕಿಕೊಂಡು ಬಂದವರು ನೋಡಲಿ.